ಕೋವಿಯೂ ಗುರಿಯ ಮೈದಾನವೂ
(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಕೋವಿಯ ಹೆಸರೆತ್ತಿದೊಡನೆ ನಮ್ಮಲ್ಲಿ ಕೆಲವರು ಬೆಚ್ಚುವರು, ಕೆಲವರು ಮೀಸೆ ತಿರುವುವರು. ಇವರಲ್ಲಿ ಯಾರೂ ಶೂಟಿಂಗ್ ರೇಂಜ್ ಎನ್ನುವ ಗುರಿಯ ಮೈದಾನವನ್ನು ಕಂಡವರಾಗಿರಲಾರರೆಂದು ನನ್ನ ಊಹೆ. ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಬಹುದೇ ಎಂದು ತಂದೆತಾಯಿಗಳು ನಿಮ್ಮನ್ನೇ ಕೇಳುವರು. ಆದಕಾರಣ ಈ ನಾಲ್ಕು ಮಾತು.

ಎಲ್ಲ ಕೋವಿಗೂ ಒಂದೇ ಮೈದಾನ ಸಲ್ಲದು. ರೈಫಲು ಪಿಸ್ತೂಲುಗಳ ನಳಿಗೆಯೊಳಗೆ ಸುರುಳಿಯಾಗಿ ಗೀರುಗಳಿರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಸಾಗುತ್ತದೆ. ಷಾಟ್‌ಗನ್ನಿನ ನಳಿಗೆ ನುಣುಪು. ಅದು ಚರೆಯನ್ನು ಚೆಲ್ಲಿ, ಆಕಾಶಕ್ಕೆ ಚಿಮ್ಮಿದ 110 ಮಿಲಿಮೀಟರಿನ ಬಿಲ್ಲೆಯನ್ನು ಒಡೆಯುತ್ತದೆ. ಅದಕ್ಕೆ ಬಯಲೇ ಬೇಕು. 5.6 ಮಿಲಿಮೀಟರಿನ ಗುಂಡು ಹಾರಿಸುವ ರೈಫಲಿಗೆ 50 ಮೀಟರು ದೂರದ ಗುರಿಯುಂಟು. ಆದರೆ ತಡೆಯಿಲ್ಲದಿದ್ದರೆ ಆ ಗುಂಡು ಮೈಲಿಗೂ ಮಿಕ್ಕಿ ಹೋದೀತು. ಗುರಿಯ ಹಿಂದಿನ ಮಣ್ಣಿನ ದಿಬ್ಬವನ್ನು ಮೊದಲು ನೋಡಿರಿ. ಕೋವಿಯನ್ನು ಆಮೇಲೆ ನೋಡಬಹುದು.

ಎಳೆಯರಿಗೆ ಒಪ್ಪುವುದು ಗಾಳಿಕೋವಿ. ಅದರಲ್ಲಿ ಮದ್ದಿಲ್ಲ, ಒತ್ತಿದ ಗಾಳಿಯೇ 4.5 ಮಿಲಿಮೀಟರಿನ ಸೀಸದ ಗುಂಡನ್ನು ತಳ್ಳುತ್ತದೆ. 10 ಮೀಟರಿನಾಚೆ ಇರುವ ಗುರಿಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರು, ನೀವು ಕಾಪಿಪುಸ್ತಕದಲ್ಲಿಡುವ ಪೂರ್ಣವಿರಾಮದಷ್ಟು! ಉಸಿರು ಅಲುಗಿದರೆ ಗುಂಡು ಅಲುಗಿತು. 2008ರಲ್ಲಿ ಬೀಜಿಂಗಿನ ಒಲಿಂಪಿಕ್ ಕೂಟದಲ್ಲಿ ಅಭಿನವ್ ಬಿಂದ್ರಾ ಅಂತಿಮ ಸುತ್ತನ್ನು ನಾಲ್ಕನೆಯವರಾಗಿ ಹೊಕ್ಕು, ಕೊನೆಯ ಗುಂಡಿಗೆ 10.8 ಅಂಕ ಪಡೆದು, ನಮ್ಮ ದೇಶಕ್ಕೆ ವೈಯಕ್ತಿಕ ಸ್ಪರ್ಧೆಯ ಮೊದಲ ಚಿನ್ನವನ್ನು ತಂದುದು ಈ ಆಯುಧದಿಂದಲೇ.

ನನ್ನ ಕಥೆಯನ್ನೂ ಅರಿಕೆ ಮಾಡಿಕೊಳ್ಳಬೇಕು. ಮೊದಲ ದಿನ ಕೈಯಲ್ಲಿ ಪಿಸ್ತೂಲು ಹಿಡಿದೇ ಏನನ್ನೋ ಕೇಳಲು ಹಿಂದಿರುಗಿದೆ. ನನ್ನೊಡನೆ ನಳಿಗೆಯೂ ತಿರುಗಿ ಸಾಲಿನಲ್ಲಿದ್ದವರ ಎದೆಯ ಕಡೆಗೆ ಬಂದಿತು. ಕಲಿಸುವವರು ಗದರಿಸಲಿಲ್ಲ, ಪಿಸ್ತೂಲನ್ನು ಕಸಿದು, ಒಳಗೆ ಗುಂಡಿಲ್ಲವೆಂದು ತೋರಿಸಿ, “ಮನೆಗೆ ಹೋಗಿ, ನಾಳೆ ಬನ್ನಿ” ಎಂದರು. ಐವತ್ತು ದಾಟಿದ ಮೇಷ್ಟರಿಗೆ ಹುಡುಗರೆದುರಿನಲ್ಲಿ ಆದ ಆ ನಾಚಿಕೆ ಸಣ್ಣದಲ್ಲ. ಆದರೂ ಮರುದಿನ ಹೋದೆನು. ನಳಿಗೆ ಸದಾ ಗುರಿಯ ಕಡೆಗೆ, ಗುರಿ ಹಿಡಿಯುವ ತನಕ ಬೆರಳು ಕುದುರೆಯಿಂದ ದೂರ, ನಿಲ್ಲಿಸೆಂದೊಡನೆ ನಿಲ್ಲಿಸುವುದು: ಇಷ್ಟನ್ನೇ ವಾರವಿಡೀ ಮಾಡಿಸಿದರು.

ಕೊಡಗಿನವರಿಗೆ ಈ ಎಚ್ಚರ ಹೊಸದಲ್ಲ. ಕೈಲುಮುಹೂರ್ತದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜಿಸಿದ ತರುವಾಯವೇ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವರು.

ನಿಮ್ಮ ಶಾಲೆಯ ಎನ್.ಸಿ.ಸಿ. ಹುಡುಗರು ಮೈದಾನಕ್ಕೆ ಹೊರಟಾಗ ನೀವೂ ಜೊತೆಗೆ ಹೋಗಿರಿ. ಸಾಲಿನ ಹಿಂದೆ ನಿಂತು ನಳಿಗೆಗಳನ್ನು ನೋಡುತ್ತಿರಿ. ಗುಂಡು ಮುಟ್ಟಿದ ಕೈಗೆ ಸೀಸ ಅಂಟಿರುತ್ತದೆ. ಬುತ್ತಿ ಬಿಚ್ಚುವ ಮುನ್ನ ಎಲ್ಲರ ಕೈಯನ್ನೂ ಸಾಬೂನಿನಿಂದ ತೊಳೆಸಿರಿ.