ಕಲ್ಲೋ, ಕೈಕೆಲಸವೋ?



ಅನ್ಯಗ್ರಹಕ್ಕೆ ಹೋದ ಅನ್ವೇಷಕರು ಅಲ್ಲಿ ಅಪರಿಚಿತ ಜೀವಿಗಳು ಬಿಟ್ಟುಹೋದ ವಿಚಿತ್ರ ವಸ್ತುವೊಂದನ್ನು ಕಂಡು ಬೆರಗಾಗುವ ಕಥೆಗಳನ್ನು ನಿಮ್ಮಲ್ಲಿ ಅನೇಕರು ಓದಿರಬಹುದು. ಇಂಥ ಕಥೆಯನ್ನು ಬರೆಯುವವನಿಗೆ ಒಂದು ಸೌಕರ್ಯವುಂಟು. ಅವನ ಅನ್ವೇಷಕನು ವಸ್ತುವನ್ನು ಕಂಡ ಕ್ಷಣವೇ ಅದು ಬುದ್ಧಿಶಾಲಿಗಳಾರೋ ಮಾಡಿದುದೆಂದು ಅರಿತುಬಿಡುತ್ತಾನೆ. ನಿಜವಾದ ಅನ್ವೇಷಣೆಯ ಕಷ್ಟವೆಲ್ಲ ಇರುವುದು ಅಲ್ಲಿಯೇ. ದೂರದಲ್ಲಿ ಕಂಡದ್ದು ಬರಿಯ ಕಲ್ಲೋ, ಯಾರದೋ ಕೈಕೆಲಸವೋ ಎಂಬುದನ್ನು ತಿಳಿಯುವ ಬಗೆ ಹೇಗೆ? ಇಂದು ಈ ಒಂದು ಪ್ರಶ್ನೆಯನ್ನು ಮಾತ್ರ ವಿಚಾರಮಾಡೋಣ.

ಬೆಂಗಳೂರಿನ ಶ್ರೀನಗರದಿಂದ ಹನುಮಂತನಗರದ ಮಾರ್ಗವಾಗಿ ಗವಿಪುರಕ್ಕೆ ನಡೆದರೆ, ಗಂಗಾಧರೇಶ್ವರನ ಗವಿಯ ಮುಂದೆ ಸೂರ್ಯಪಾನ, ಚಂದ್ರಪಾನಗಳೆಂಬ ದುಂಡನೆಯ ಎರಡು ಶಿಲಾಫಲಕಗಳು ಕಂಬಗಳ ಮೇಲೆ ನಿಂತಿರುವುದನ್ನು ಕಾಣಬಹುದು. ಬಳಿಯಲ್ಲಿಯೇ ಕಲ್ಲಿನ ತ್ರಿಶೂಲವೂ ಡಮರುವೂ ಇವೆ. ನಮ್ಮ ಭಾಷೆಯನ್ನಾಗಲಿ ದೇವರನ್ನಾಗಲಿ ಅರಿಯದ ಅನ್ಯಲೋಕದವನೊಬ್ಬನು ಇಲ್ಲಿಗೆ ಬಂದನೆಂದು ಭಾವಿಸೋಣ. ಆ ಫಲಕಗಳು ತಾವಾಗಿ ಆದ ಬಂಡೆಗಳಲ್ಲವೆಂದು ಅವನಿಗೆ ತಿಳಿಯುವುದು ಹೇಗೆ? ದುಂಡಗಿರುವುದೇ ಸಾಕ್ಷಿಯೆಂದರೆ, ಬಸವನಗುಡಿಯ ಬ್ಯೂಗಲ್ ರಾಕಿನ ಬಂಡೆಗಳನ್ನೂ ಬಿಸಿಲು ಮಳೆಗಳು ದುಂಡಗೆ ಮಾಡಿವೆಯಷ್ಟೆ. ಬಯಲಿನಲ್ಲಿ ಬಿದ್ದ ಗಡಿಯಾರವನ್ನು ಕಂಡವನು ಅದನ್ನು ಮಾಡಿದವನೊಬ್ಬನಿರಬೇಕೆಂದು ಊಹಿಸದಿರಲಾರನೆಂದು 1802ರಲ್ಲಿ ಆಂಗ್ಲ ಪಂಡಿತ ಪೇಲಿಯು ವಾದಿಸಿದನು. ವಾದವೇನೋ ಚೆನ್ನಾಗಿಯೇ ಇದೆ. ಆದರೆ ಪೇಲಿಗೆ ಗಡಿಯಾರದ ಪರಿಚಯ ಮೊದಲೇ ಇದ್ದಿತು.

ಈಗ ಚಂದ್ರಲೋಕಕ್ಕೆ ಹೋಗೋಣ. 2019ರ ಜನವರಿಯಲ್ಲಿ ಚೀನಾ ದೇಶದವರು ಚಂದ್ರನ ಆಚೆಯ ಮಗ್ಗುಲಿನಲ್ಲಿ ಯೂಟು-2 ಎಂಬ ಗಾಲಿಯಂತ್ರವನ್ನು ಇಳಿಸಿದರು. 2021ರ ಕೊನೆಯಲ್ಲಿ ಅದರ ಕ್ಯಾಮರಾ ಕಣ್ಣಿಗೆ ದಿಗಂತದಲ್ಲಿ ಚೌಕಾಕಾರದ ವಸ್ತುವೊಂದು ಬಿದ್ದಿತು. ಸುಮಾರು 80 ಮೀಟರು ದೂರ. ನೋಟಕ್ಕೆ ಪುಟ್ಟ ಮನೆಯಂತೆಯೇ ಇದೆ. ಅದಕ್ಕೆ ‘ರಹಸ್ಯದ ಗುಡಿಸಲು’ ಎಂದು ಹೆಸರಿಟ್ಟರು. ಪತ್ರಿಕೆಗಳು ಈ ವಾರ್ತೆಯನ್ನು ಪ್ರಪಂಚಕ್ಕೆಲ್ಲ ಸಾರಿದುವು. 80 ಮೀಟರೆಂದರೆ ನಮಗೆ ಎರಡು ನಿಮಿಷದ ನಡಿಗೆಯೂ ಅಲ್ಲ. ಆದರೆ ಚಂದ್ರನಲ್ಲಿ ಇರುಳು ನಮ್ಮ ಹದಿನಾಲ್ಕು ದಿನಗಳಷ್ಟು ದೀರ್ಘವಾದುದು. ಸೂರ್ಯನ ಬೆಳಕಿನಿಂದ ಶಕ್ತಿಯನ್ನು ಪಡೆಯುವ ಯಂತ್ರವು ಅಷ್ಟು ಕಾಲವೂ ನಿದ್ರಿಸಬೇಕು. ಎಚ್ಚತ್ತ ಮೇಲೆ ಹಳ್ಳಕೊಳ್ಳಗಳನ್ನು ತಪ್ಪಿಸಿಕೊಂಡು ಅಡಿಯಡಿಯಾಗಿ ಸಾಗಬೇಕು. 2022ರ ಜನವರಿಯಲ್ಲಿ ಹತ್ತಿರಕ್ಕೆ ಹೋಗಿ ನೋಡಿದರೆ, ಗುಡಿಸಲು ಕುಳಿಯೊಂದರ ಅಂಚಿನಲ್ಲಿ ಕುಳಿತ ಸಣ್ಣ ಕಲ್ಲಾಗಿದ್ದಿತು! ಆ ಕಲ್ಲು ಮೊಲದಂತೆ ಕಂಡುದರಿಂದ ಅದನ್ನು ಮೊಲವೆಂದೇ ಕರೆದರು. ಯೂಟು ಎಂಬುದಕ್ಕೂ ರತ್ನಶಿಲೆಯ ಮೊಲವೆಂದೇ ಅರ್ಥ. ಚಂದ್ರನ ಕಲೆಗಳಲ್ಲಿ ಮೊಲವನ್ನು ಕಂಡು ಅವನನ್ನು ಶಶಾಂಕನೆಂದು ಕರೆದ ನಾವು ಇದಕ್ಕೆ ನಗುವಂತಿಲ್ಲ.

ಮಂಗಳಗ್ರಹದಲ್ಲಿಯೂ ಹೀಗೆಯೇ ಆಯಿತು. 1976ರ ಜುಲೈ 25ರಂದು ಅಮೆರಿಕದ ವೈಕಿಂಗ್ ನೌಕೆಯು ಸೈಡೋನಿಯಾ ಎಂಬ ಪ್ರದೇಶದಲ್ಲಿ ಮನುಷ್ಯನ ಮುಖವನ್ನು ಹೋಲುವ ಗುಡ್ಡವೊಂದರ ಚಿತ್ರವನ್ನು ತೆಗೆಯಿತು. ಓರೆಯಾದ ಬಿಸಿಲು ಕಣ್ಣು, ಬಾಯಿಗಳ ನೆರಳನ್ನು ಒದಗಿಸಿದ್ದಿತು. ಮೂಗಿನ ಹೊಳ್ಳೆಯೋ, ಚಿತ್ರವು ಭೂಮಿಗೆ ಬರುವಾಗ ಕಳೆದುಹೋದ ಒಂದು ಚುಕ್ಕೆ. ಇದು ಅಳಿದ ನಾಗರಿಕತೆಯೊಂದರ ಸ್ಮಾರಕವೆಂದು ಗ್ರಂಥಗಳೇ ಹುಟ್ಟಿದುವು. 1998ರಲ್ಲಿಯೂ 2001ರಲ್ಲಿಯೂ ಇನ್ನೊಂದು ನೌಕೆಯು ಹೆಚ್ಚು ಸ್ಫುಟವಾದ ಚಿತ್ರಗಳನ್ನು ತೆಗೆದಾಗ ಮುಖವು ಮಾಯವಾಗಿ ಗುಡ್ಡವು ಮಾತ್ರ ಉಳಿಯಿತು.

ಇದಕ್ಕೆ ತೀರ ವಿರುದ್ಧವಾದ ಪ್ರಸಂಗವೊಂದು ನಮ್ಮವರಿಗೇ ಸಂಬಂಧಪಟ್ಟುದು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಎಂಬ ಅವತರಣ ನೌಕೆಯು ಚಂದ್ರನನ್ನು ಸಮೀಪಿಸುತ್ತಿದ್ದಾಗ, ಬೆಂಗಳೂರಿನ ನಿಯಂತ್ರಣ ಕೇಂದ್ರದೊಡನೆ ಅದರ ಸಂಪರ್ಕವು ಕಡಿದುಹೋಯಿತು. ಅಂದು ಇರುಳೆಲ್ಲ ಎಚ್ಚರವಿದ್ದು ನೋಡಿದವರಿಗೆ ಆ ಮೌನವು ಎಂಥದೆಂಬುದನ್ನು ನಾನು ವರ್ಣಿಸಬೇಕಾದುದಿಲ್ಲ. ವಿಕ್ರಮ್ ಎಲ್ಲಿ ಬಿದ್ದಿತು? ಅಮೆರಿಕದ ನೌಕೆಯೊಂದು ಮೇಲಿನಿಂದ ತೆಗೆದ ಚಿತ್ರಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರು. ಚೆನ್ನೈಯ ಇಂಜಿನಿಯರೊಬ್ಬರು ತಮ್ಮ ವಿರಾಮಕಾಲದಲ್ಲಿ ಕುಳಿತು, ಅಪಘಾತಕ್ಕೆ ಮುಂಚಿನ ಚಿತ್ರವನ್ನೂ ಆಮೇಲಿನ ಚಿತ್ರವನ್ನೂ ಅಂಗುಲ ಅಂಗುಲವಾಗಿ ಹೋಲಿಸಿದರು. ಹಿಂದೆ ಇಲ್ಲದ ಒಂದೇ ಒಂದು ಬಿಳಿಯ ಚುಕ್ಕೆ ಈಗ ಇದ್ದಿತು. ಅವರು ಬರೆದು ತಿಳಿಸಲು, ಅಮೆರಿಕದ ವಿಜ್ಞಾನಿಗಳು ಅಕ್ಟೋಬರ್, ನವೆಂಬರ್ ತಿಂಗಳುಗಳ ಚಿತ್ರಗಳನ್ನೂ ಪರೀಕ್ಷಿಸಿ, ಅದು ವಿಕ್ರಮದ ಅವಶೇಷವೇ ಸರಿಯೆಂದು ಡಿಸೆಂಬರಿನಲ್ಲಿ ಸಾರಿದರು. ಮುಖ್ಯವಾಗಿ ಬಿದ್ದ ಸ್ಥಳವು ಆ ಚುಕ್ಕೆಯಿಂದ ಸುಮಾರು 750 ಮೀಟರು ದೂರದಲ್ಲಿದ್ದಿತು.

ಮನೆಯಂತಿದ್ದುದು ಕಲ್ಲು, ಮುಖದಂತಿದ್ದುದು ಗುಡ್ಡ. ನಿಜವಾಗಿ ಮನುಷ್ಯರು ಮಾಡಿ ಕಳುಹಿಸಿದ್ದಾದರೋ ಯಾವುದನ್ನೂ ಹೋಲದ ಬರಿಯ ಚುಕ್ಕೆ. ಆಕಾರಸಾಮ್ಯವೆಂಬುದು ನೋಡುವ ಕಣ್ಣಿನ ಗುಣ, ವಸ್ತುವಿನದಲ್ಲ. ಚುಕ್ಕೆಗೆ ಸಾಕ್ಷಿ ನುಡಿದುದು ಹಳೆಯ ಚಿತ್ರ.

ಗವಿಪುರದ ವಿಷಯದಲ್ಲಿಯೂ ವಿದ್ವಾಂಸರು ಇದೇ ದಾರಿಯನ್ನು ಹಿಡಿದರೆಂಬುದು ನನಗೆ ಬಹು ಸ್ವಾರಸ್ಯವಾಗಿ ತೋರುತ್ತದೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯರಶ್ಮಿಯು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಅಲ್ಲಿ ಜನಸಂದಣಿ ಸೇರುವುದಷ್ಟೆ. ಬೆಂಗಳೂರಿನ ಮೂವರು ಸಂಶೋಧಕರು ಇದನ್ನು ಅಳೆದು ಲೆಕ್ಕಹಾಕಿ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಕೈಗೆ ಸಿಕ್ಕ ಸಾಕ್ಷಿ, 1792ರಲ್ಲಿ ಇಲ್ಲಿಗೆ ಬಂದಿದ್ದ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು ಬರೆದ ದೇವಾಲಯದ ಚಿತ್ರ. ಅದನ್ನು ಈಗಿನ ಕಟ್ಟಡದೊಡನೆ ಹೋಲಿಸಿ, ಚಿತ್ರವನ್ನು ಬರೆದ ಮೇಲೆ ಇಲ್ಲಿ ಮಾರ್ಪಾಡುಗಳಾಗಿವೆಯೆಂದು ಅವರು ತೋರಿಸಿದರು. ರಶ್ಮಿಯು ಲಿಂಗವನ್ನು ಮುಟ್ಟುವುದು ಸಂಕ್ರಾಂತಿಯಲ್ಲಿ ಮಾತ್ರವಲ್ಲ, ನವೆಂಬರಿನ ಕೊನೆಯಲ್ಲಿಯೂ ಉಂಟೆಂದೂ ಕಂಡಿತು. ಇದರಿಂದ ಭಕ್ತಿಗೆ ಕುಂದೇನೂ ಬರಲಿಲ್ಲ. ಕಟ್ಟಿದವರ ಕೈಯ ಮೇಲೆ ಬಳಿಕ ಬಂದವರ ಕೈಯೂ ಆಡಿದೆಯೆಂಬುದು ಸ್ಪಷ್ಟವಾಯಿತು.

ಇನ್ನೊಂದು ಪರೀಕ್ಷೆಯಿದೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವಪ್ರದೇಶದ ಸಮೀಪದಲ್ಲಿ ಇಳಿದ ಚಂದ್ರಯಾನ-3ರ ಪ್ರಜ್ಞಾನ್ ಗಾಲಿಯಂತ್ರದಲ್ಲಿ ಬೆಂಗಳೂರಿನಲ್ಲಿಯೇ ಸಿದ್ಧವಾದ ಉಪಕರಣವೊಂದಿದ್ದಿತು. ಅದು ಲೇಸರ್ ಕಿರಣದಿಂದ ಮಣ್ಣನ್ನು ಹೊಡೆದು, ಅದರ ಕಣಗಳು ಕಾದು ಬೀರುವ ಬೆಳಕಿನಿಂದ ಅದರಲ್ಲಿರುವ ಮೂಲವಸ್ತುಗಳನ್ನು ಗುರುತಿಸುತ್ತದೆ. ಗಂಧಕ ಸಿಕ್ಕಿದ್ದು ಹೀಗೆಯೇ. ಕರಗಿಸಿ ಶುದ್ಧಮಾಡಿದ ಲೋಹವು ಅಂಥ ಕಿರಣದ ಮುಂದೆ ತಾನು ಕಲ್ಲೆಂದು ಸುಳ್ಳುಹೇಳಲಾರದು.

ಇಷ್ಟೆಲ್ಲ ಹುಡುಕಿದರೂ ಅನ್ಯರ ಕೈಯ ವಸ್ತು ಇದುವರೆಗೆ ಒಂದೂ ಸಿಕ್ಕಿಲ್ಲ. 2022ರ ಜೂನಿನಲ್ಲಿ ಮಂಗಳಗ್ರಹದ ಬಂಡೆಯೊಂದರ ಸಂದಿನಲ್ಲಿ ಥಳಥಳಿಸುವ ತಗಡಿನ ಚೂರೊಂದು ಪರ್ಸಿವರೆನ್ಸ್ ಯಂತ್ರಕ್ಕೆ ಕಂಡಿತು. ಅದು ಆ ಯಂತ್ರವನ್ನೇ ಇಳಿಸಿದ ನೌಕೆಯ ಶಾಖರಕ್ಷಕ ಹೊದಿಕೆಯದೆಂದು ವಿಜ್ಞಾನಿಗಳು ಊಹಿಸಿದರು. ಆ ನೌಕೆಯು ಬಿದ್ದುದು ಎರಡು ಕಿಲೋಮೀಟರು ಆಚೆ. ಚೂರು ಗಾಳಿಗೆ ಹಾರಿಬಂದಿತೋ ಏನೋ. ಪ್ರಜ್ಞಾನ್ ಕೂಡ 2023ರ ಸೆಪ್ಟೆಂಬರಿನಲ್ಲಿ ನಿದ್ರೆಹೋದುದು ಮತ್ತೆ ಏಳಲಿಲ್ಲ. ಅದರ ಹಿಂದಿನ ಚಕ್ರಗಳಲ್ಲಿ ಕೆತ್ತಿದ ಅಶೋಕನ ಸಿಂಹಗಳೊಡನೆ ಅದು ಅಲ್ಲಿಯೇ ನಿಂತಿದೆ.