ಪೈರಿನ ನೀರಿನ ಲೆಕ್ಕ



ನಾಲೆಯ ತೂಬನ್ನು ತೆರೆದಾಗ ಗದ್ದೆಗೆ ಹರಿದುಬರುವ ನೀರನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಗದ್ದೆಯಿಂದ ಹಗಲೆಲ್ಲ ಆಕಾಶಕ್ಕೆ ಏರಿಹೋಗುವ ನೀರನ್ನು ಕಂಡವರಿಲ್ಲ. ಒಂದು ತೂಬು ನೀರುಗಂಟಿಯ ಕೈಯಲ್ಲಿರುವುದು. ಮತ್ತೊಂದು ಸೂರ್ಯನ ಕೈಯಲ್ಲಿರುವುದು. ಈ ಎರಡನೆಯ ತೂಬಿನ ಹರಿವನ್ನು ಅಳೆಯುವ ಬಗೆ ಹೇಗೆಂಬುದೇ ಈ ಸಂಜೆ ನಾವು ನಿವೇದಿಸಬೇಕೆಂದಿರುವ ವಿಷಯ.

ಹೊಲಗದ್ದೆಗಳ ನೀರು ಎರಡು ದಾರಿಗಳಲ್ಲಿ ಆವಿಯಾಗುವುದು. ತೇವದ ಮಣ್ಣಿನಿಂದಲೂ ನಿಂತ ನೀರಿನಿಂದಲೂ ನೇರವಾಗಿ ಆವಿಯೇಳುವುದು ಬಾಷ್ಪೀಭವನ. ಬೇರು ಹೀರಿದ ನೀರು ಕಾಂಡದಲ್ಲಿ ಏರಿ ಎಲೆಗಳ ಸೂಕ್ಷ್ಮರಂಧ್ರಗಳಿಂದ ಹೊರಬೀಳುವುದು ಬಾಷ್ಪವಿಸರ್ಜನೆ. ಸಸ್ಯವು ತಾನು ಹೀರಿದುದರಲ್ಲಿ ಅತ್ಯಲ್ಪ ಭಾಗವನ್ನು ಮಾತ್ರ ತನ್ನಲ್ಲಿ ಉಳಿಸಿಕೊಳ್ಳುವುದು. ಈ ಎರಡನ್ನೂ ಕೂಡಿಸಿ ಬಾಷ್ಪವ್ಯಯವೆಂದು ಕರೆಯೋಣ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ವಿದ್ವಾಂಸನು ಸೂರ್ಯಕಾಂತಿಯ ಗಿಡವನ್ನು ಕುಂಡಸಮೇತವಾಗಿ ದಿನದಿನವೂ ತೂಗಿ, ಗಿಡದ ನೀರಿನ ವೆಚ್ಚವನ್ನು ಅಳೆದು 1727 ರಲ್ಲಿ ಪ್ರಕಟಿಸಿದನು. ಪೈರು ಬೆಳೆದ ಮಣ್ಣಿನ ತೊಟ್ಟಿಯನ್ನೇ ತೂಗುವ ಲೈಸಿಮೀಟರ್ ಎಂಬ ಉಪಕರಣವು ಅದೇ ತತ್ತ್ವದ ವಿಸ್ತಾರ.

ಪ್ರತಿಯೊಂದು ಹೊಲದಲ್ಲಿಯೂ ತೊಟ್ಟಿಯನ್ನು ಹೂಳುವುದು ಸಾಧ್ಯವಿಲ್ಲವಷ್ಟೆ. ಆದುದರಿಂದ ಹವೆಯ ಅಳತೆಗಳಿಂದ ವ್ಯಯವನ್ನು ಊಹಿಸಬೇಕಾಗುವುದು. ಒದ್ದೆಯ ಬಟ್ಟೆ ಯಾವಾಗ ಬೇಗ ಒಣಗುವುದೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಬಿಸಿಲಿರಬೇಕು, ಗಾಳಿಯಾಡಬೇಕು, ಹವೆಯಲ್ಲಿ ತೇವ ಕಡಮೆಯಿರಬೇಕು. ಪೈರಿನ ಮಾತೂ ಹಾಗೆಯೇ. ಒಂದು ಲೀಟರು ನೀರನ್ನು ಆವಿಮಾಡಲು ಬೇಕಾದ ಶಾಖವು, ಅದೇ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದುದರ ಐದು ಮಡಿಗೂ ಮಿಗಿಲು. ಈ ಶಾಖದ ಲೆಕ್ಕವನ್ನೂ ಗಾಳಿಯ ಲೆಕ್ಕವನ್ನೂ ಒಂದೇ ಸೂತ್ರದಲ್ಲಿ ಬೆಸೆದ ಕೀರ್ತಿ ರೋಥಾಮ್‌ಸ್ಟೆಡ್ ಸಂಶೋಧನಾಲಯದ ಪೆನ್‌ಮನ್ನರದು; ವರ್ಷ 1948. ಎಲೆರಂಧ್ರಗಳ ತಡೆಯನ್ನು ಮಾಂಟೀತರು 1965 ರಲ್ಲಿ ಅದಕ್ಕೆ ಸೇರಿಸಿದರು. ಈ ಸೂತ್ರವನ್ನೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998 ರಲ್ಲಿ ಪ್ರಮಾಣವಾಗಿ ವಿಧಿಸಿತು.

ಸರಳವಾದ ಸಾಧನವೂ ಒಂದುಂಟು. ನಾಲ್ಕು ಅಡಿ ವ್ಯಾಸದ, ಹತ್ತು ಅಂಗುಲ ಆಳದ ಲೋಹದ ಬಾನಿಯಲ್ಲಿ ನೀರು ದಿನಕ್ಕೆ ಎಷ್ಟು ಇಳಿಯಿತೆಂದು ನೋಡುವುದು. ಬಾನಿಯ ಲೋಹವು ಬಿಸಿಲಿಗೆ ಕಾಯುವುದರಿಂದ ಅಳತೆ ಹೆಚ್ಚಾಗಿ ಬರುವುದು. ಅದಕ್ಕಾಗಿ ಸಾಧಾರಣವಾಗಿ 0.7 ರಿಂದ ಗುಣಿಸುವರು. ಬಾನಿಯಲ್ಲಿ 7 ಮಿಲಿಮೀಟರ್ ಇಳಿದರೆ, ನೀರಿನ ಕೊರತೆಯಿಲ್ಲದ ಹಸುರು ಹುಲ್ಲುಹಾಸಿನ ವ್ಯಯ ಸುಮಾರು 5 ಮಿಲಿಮೀಟರ್ ಎಂದು ತಿಳಿಯತಕ್ಕದ್ದು. ಈ ಹುಲ್ಲೇ ಅಳತೆಗೋಲು. ಬೆಳೆದುನಿಂತ ಬತ್ತಕ್ಕೆ ಇದರ 1.2 ಪಾಲು, ಕಬ್ಬಿಗೆ 1.25 ಪಾಲು, ರಾಗಿಯಂಥ ಕಿರುಧಾನ್ಯಕ್ಕೆ ಸರಿಸಮ.

ಹಾಗಾದರೆ ಕಬ್ಬಿಗೂ ರಾಗಿಗೂ ಇರುವ ಭೇದ ಇಷ್ಟೇ ಏನು ಎಂದು ತಾವು ಕೇಳಬಹುದು. ದಿನದ ಲೆಕ್ಕದಲ್ಲಿ ಇಷ್ಟೇ. ಆದರೆ ರಾಗಿ ನಾಲ್ಕು ತಿಂಗಳಲ್ಲಿ ಕಣ ಸೇರುವುದು. ಕಬ್ಬು ಹೆಚ್ಚು ಕಡಮೆ ವರ್ಷವೆಲ್ಲ ನಿಂತು ಕುಡಿಯುವುದು. ಬತ್ತದ ಗದ್ದೆಯಲ್ಲಿ ನೆಲಕ್ಕೆ ಇಂಗಿಹೋಗುವ ನೀರು ಬೇರೆ.

ಈಗ ಲೆಕ್ಕದ ಫಲವನ್ನು ನೋಡೋಣ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ನೀರೆಂದರೆ ಸುಮಾರು 4,047 ಲೀಟರು. ಒಂದು ಲಕ್ಷ ಎಕರೆಯ ನಾಲೆಯಲ್ಲಿ ಎಂಜಿನಿಯರನ ಅಂದಾಜು ದಿನಕ್ಕೆ ಈ ಒಂದು ಮಿಲಿಮೀಟರ್ ತಪ್ಪಿತೆಂದರೆ, ಹಗಲಿರುಳು ಹರಿಯುವ 165 ಕ್ಯೂಸೆಕ್ ನೀರಿನ ಲೆಕ್ಕ ತಪ್ಪಿದಂತಾಯಿತು. ಕಡಮೆ ಅಂದಾಜಿಸಿದರೆ ನಾಲೆಯ ಕೊನೆಯ ರೈತನ ಪೈರು ತೆನೆಗಟ್ಟುವ ಹೊತ್ತಿಗೆ ಬಾಡುವುದು. ಹೆಚ್ಚು ಅಂದಾಜಿಸಿದರೆ ಮೊದಲ ರೈತನ ನೆಲದಲ್ಲಿ ನೀರು ನಿಂತು, ಅಡಿಯ ಉಪ್ಪು ಮೇಲೇರಿ, ಫಲವತ್ತಾದ ಭೂಮಿ ಚೌಳಾಗುವುದು. ದಖ್ಖಣದ ನೀರಾ ನಾಲೆಯ ಬಯಲಿನಲ್ಲಿ ಈ ಅನುಭವ ಹಿಂದೆಯೇ ಆಗಿದೆ.

ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಆ ನಾಲೆಗಾಗಿಯೇ ಬ್ಲಾಕ್ ಪದ್ಧತಿಯನ್ನು ಯೋಜಿಸಿದರು. ನೀರನ್ನು ಒಂದೇ ಕಡೆ ಮುಗಿಸದೆ ಗೊತ್ತಾದ ಬ್ಲಾಕುಗಳಿಗೆ ಹಂಚುವುದು, ಹೆಚ್ಚು ನೀರಿನ ಬೆಳೆಗೆ ಒಂದು ಭಾಗವನ್ನು ಮಾತ್ರ ಬಿಟ್ಟು ಉಳಿದುದರಲ್ಲಿ ಕಡಮೆ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಯುವುದು ಅದರ ತಿರುಳು. ಮಂಡ್ಯದ ಸೀಮೆಯಲ್ಲಿ ಕೃಷ್ಣರಾಜಸಾಗರದ ನೀರನ್ನು ಹರಿಸುವ ನಾಲೆಗೆ ಇಂದು ಅವರ ಹೆಸರೇ ಇದೆ.

ಸೂತ್ರವು ಎಷ್ಟು ಸೂಕ್ಷ್ಮವಾದರೂ ನೀರನ್ನು ಸೃಷ್ಟಿಸಲಾರದು. ಇರುವ ನೀರು ಎಷ್ಟು ಪೈರಿಗೆ ಸಾಲುವುದೆಂಬುದನ್ನು ಮುಂಚಿತವಾಗಿ ಹೇಳಬಲ್ಲುದು, ಅಷ್ಟೆ. ಆ ಮಾತನ್ನು ಬಿತ್ತನೆಗೆ ಮೊದಲೇ ಕೇಳಿದರೆ ನಾಲೆಯ ಕೊನೆಯ ಗದ್ದೆಗೂ ತೂಬು ತೆರೆಯುವುದು. ಪಟ್ಟಣದಲ್ಲಿ ಕುಳಿತು ಅನ್ನವುಣ್ಣುವ ನಾವೂ ಈ ಲೆಕ್ಕದ ಹೊರಗಿನವರಲ್ಲ.