ಅಚ್ಚಿಗೆ ಬಾರದ ಸುದ್ದಿ, ಪಕ್ಷ ನೋಡಿ ನಂಬುವ ಓದುಗ



2024ರ ಏಪ್ರಿಲ್ 26ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯೂ ಅದೇ ಕ್ಷೇತ್ರಕ್ಕೆ ಸೇರಿದ್ದು. ಅದಕ್ಕೂ ಕೆಲವು ದಿನ ಮೊದಲಿನಿಂದ ಜಿಲ್ಲೆಯ ಬಸ್ ನಿಲ್ದಾಣಗಳಲ್ಲಿ, ಹೋಟೆಲುಗಳಲ್ಲಿ ಜನ ದನಿ ತಗ್ಗಿಸಿ ಆಡುತ್ತಿದ್ದ ಮಾತು ಒಂದೇ: ಪೆನ್‌ಡ್ರೈವ್. ಆಗಿನ ಸಂಸದ, ಕಣದಲ್ಲಿದ್ದ ಅಭ್ಯರ್ಥಿ ಪ್ರಜ್ವಲ್ ರೇವಣ್ಣ ಅವರದೆಂದು ಹೇಳಲಾದ ಲೈಂಗಿಕ ದೃಶ್ಯಗಳು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹರಿದಾಡುತ್ತಿದ್ದವು. ಪತ್ರಿಕೆ ಬಿಡಿಸಿದರೆ ಕಾಣುತ್ತಿದ್ದುದು ಸಮಾವೇಶ, ರೋಡ್ ಶೋ, ಜಾತಿ ಲೆಕ್ಕಾಚಾರ. ಊರಿಗೆಲ್ಲ ಗೊತ್ತಿದ್ದ ವಿಷಯ ಅಚ್ಚಿಗೆ ಮಾತ್ರ ಗೊತ್ತಿರಲಿಲ್ಲ.

ಯಾಕೆ ಹಾಗಾಯಿತು? ಪತ್ರಿಕೆಗಳನ್ನು ಕೊಂಡುಕೊಂಡಿದ್ದರು ಎನ್ನುವುದು ಕಟ್ಟೆಯ ಮೇಲೆ ಸುಲಭವಾಗಿ ಸಿಗುವ ಉತ್ತರ. ನಡೆದದ್ದು ಅಷ್ಟು ಸರಳವಲ್ಲ. 2023ರ ಜೂನ್‌ನಲ್ಲೇ ಪ್ರಜ್ವಲ್ ಅವರು ಬೆಂಗಳೂರಿನ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ತಮ್ಮ ಹೆಸರು ಕೆಡಿಸಲು ತಿರುಚಿದ ವಿಡಿಯೊಗಳನ್ನು ಹರಡುವ ಸಂಚು ನಡೆದಿದೆ ಎಂದು ತಡೆಯಾಜ್ಞೆ ತಂದಿದ್ದರು. 86 ಮಾಧ್ಯಮ ಸಂಸ್ಥೆಗಳಿಗೆ, ಜೊತೆಗೆ ಮೂವರು ವ್ಯಕ್ತಿಗಳಿಗೆ ಅದು ಅನ್ವಯಿಸುತ್ತಿತ್ತು. ಇಂಥ ಆದೇಶ ಮೇಜಿನ ಮೇಲಿರುವಾಗ ಯಾವ ಸಂಪಾದಕನೂ ಮೊದಲು ಫೋನ್ ಮಾಡುವುದು ವರದಿಗಾರನಿಗಲ್ಲ, ವಕೀಲರಿಗೆ.

ತಡೆಯಾಜ್ಞೆ ಇಲ್ಲದಿದ್ದರೂ ಆ ದೃಶ್ಯಗಳನ್ನು ಯಾರೂ ತೋರಿಸಬಾರದಿತ್ತು. ಅವುಗಳಲ್ಲಿದ್ದವರು ಹೆಣ್ಣುಮಕ್ಕಳು. ಅವರ ಮುಖ ಮುಚ್ಚದೆ ಪೆನ್‌ಡ್ರೈವ್ ಹಂಚಿದವರು ಮಾಡಿದ್ದು ಅಪರಾಧವೇ, ಅವರ ಉದ್ದೇಶ ಏನೇ ಇರಲಿ. ಈ ಮಟ್ಟಿಗೆ ಪತ್ರಿಕೆಗಳ ಮೌನ ಸರಿ. ಆದರೆ ಒಬ್ಬ ಸಂಸದ 86 ಮಾಧ್ಯಮಗಳ ಬಾಯಿ ಕಟ್ಟಿಸುವ ಆದೇಶ ತಂದಿದ್ದಾರೆ ಎನ್ನುವುದೇ ಒಂದು ದೊಡ್ಡ ರಾಜಕೀಯ ಸುದ್ದಿ. ಅದನ್ನು ಬರೆಯಲು ಒಂದು ದೃಶ್ಯವನ್ನೂ ತೋರಿಸಬೇಕಿರಲಿಲ್ಲ, ಒಬ್ಬ ಮಹಿಳೆಯ ಹೆಸರನ್ನೂ ಎತ್ತಬೇಕಿರಲಿಲ್ಲ. ತೋರಿಸಬಾರದ್ದಕ್ಕೂ ಹೇಳಬೇಕಾದ್ದಕ್ಕೂ ನಡುವೆ ಇರುವ ಈ ಗೆರೆಯನ್ನು ನಮ್ಮ ದೊಡ್ಡ ಮಾಧ್ಯಮಗಳು ಹುಡುಕಲಿಲ್ಲ ಎಂಬುದು ನನ್ನ ದೂರು.

ಸುದ್ದಿಮನೆ ನಡೆಯುವ ಬಗೆಯನ್ನೂ ಇಲ್ಲಿ ತಿಳಿಯಬೇಕು. ರಾಜಕಾರಣಿಯ ಮೇಲಿನ ಆರೋಪ ಅಚ್ಚಾಗಲು ಒಂದು ಕಾಗದ ಬೇಕು. ಪೊಲೀಸ್ ದೂರು, ಎಫ್‌ಐಆರ್, ಆಯೋಗದ ಪತ್ರ, ನ್ಯಾಯಾಲಯದ ಆದೇಶ, ಯಾವುದಾದರೂ ಆದೀತು. ಕಾಗದವಿದ್ದರೆ ಮಾನನಷ್ಟದ ಭಯ ಕಡಿಮೆ. ಹಾಸನದ ವಿಷಯದಲ್ಲಿ ಆ ಕಾಗದ ಹುಟ್ಟಿದ್ದು ಮತದಾನದ ಹೊಸ್ತಿಲಲ್ಲಿ. ತನಿಖೆ ನಡೆಸಿ ಎಂದು ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ಅವರು ಮುಖ್ಯಮಂತ್ರಿಗೆ ಪತ್ರ ಬರೆದರು. ಮತದಾನ ಮುಗಿದ ಮೇಲೆ ಸರ್ಕಾರ ವಿಶೇಷ ತನಿಖಾ ದಳ ರಚಿಸಿತು, ಹೊಳೆನರಸೀಪುರ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಅಷ್ಟರಲ್ಲಿ ಅಭ್ಯರ್ಥಿ ಜರ್ಮನಿಗೆ ಹೊರಟುಹೋಗಿದ್ದರು. ಅಲ್ಲಿಯವರೆಗೆ ಮೌನವಾಗಿದ್ದ ವಾಹಿನಿಗಳು ಮುಂದೆ ತಿಂಗಳುಗಟ್ಟಲೆ ಬೇರೆ ಮಾತೇ ಆಡಲಿಲ್ಲ.

ಇನ್ನು ನಂಬುವವರ ಕಡೆ ಬರೋಣ. ಪೆನ್‌ಡ್ರೈವ್ ಕಂಡವರೆಲ್ಲ ಒಂದೇ ತೀರ್ಮಾನಕ್ಕೆ ಬಂದರೇ? ಇಲ್ಲ. ಒಂದು ಪಕ್ಷದವರಿಗೆ ಅದು ಪೂರ್ತಿ ನಿಜ, ಇನ್ನೊಂದು ಪಕ್ಷದವರಿಗೆ ಪೂರ್ತಿ ತಿರುಚಿದ್ದು. ಯಾವ ಪಕ್ಷ ಯಾವ ಕಡೆ ಎನ್ನುವುದು ಮಾತ್ರ ಐದು ವರ್ಷದಲ್ಲಿ ತಿರುವುಮುರುವಾಗಿತ್ತು. 2019ರಲ್ಲಿ ಪ್ರಜ್ವಲ್ ಅವರು ಜೆಡಿಎಸ್ ಮತ್ತು ಕಾಂಗ್ರೆಸ್ ಮೈತ್ರಿಯ ಅಭ್ಯರ್ಥಿ. ಎದುರಾಳಿ ಬಿಜೆಪಿಯ ಎ. ಮಂಜು. ಸೋತ ಮಂಜು, ಪ್ರಜ್ವಲ್ ಚುನಾವಣಾ ಪ್ರಮಾಣಪತ್ರದಲ್ಲಿ ಆಸ್ತಿ ಮುಚ್ಚಿಟ್ಟಿದ್ದಾರೆ ಎಂದು ಹೈಕೋರ್ಟಿಗೆ ಹೋದರು. ವಕೀಲ ಜಿ. ದೇವರಾಜೇಗೌಡರದೂ ಒಂದು ಅರ್ಜಿಯಿತ್ತು. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಆಯ್ಕೆಯನ್ನೇ ಅಸಿಂಧುಗೊಳಿಸಿತು. ಸುಪ್ರೀಂ ಕೋರ್ಟ್ ಅದೇ ತಿಂಗಳು ತಡೆ ಕೊಟ್ಟಿತು. ತಮಾಷೆ ನೋಡಿ, ಆ ತೀರ್ಪು ಬರುವ ಹೊತ್ತಿಗೆ ಮಂಜು ಅವರೇ ಜೆಡಿಎಸ್ ಸೇರಿ ಅರಕಲಗೂಡಿನ ಶಾಸಕರಾಗಿದ್ದರು! ಅದೇ ಸೆಪ್ಟೆಂಬರ್‌ನಲ್ಲಿ ಬಿಜೆಪಿಗೂ ಜೆಡಿಎಸ್‌ಗೂ ಮೈತ್ರಿಯಾಯಿತು. ಅರಸೀಕೆರೆಯ ಶಾಸಕ ಶಿವಲಿಂಗೇಗೌಡರು ಆ ವರ್ಷವೇ ಜೆಡಿಎಸ್ ಬಿಟ್ಟು ಕಾಂಗ್ರೆಸ್ಸಿನಿಂದ ಗೆದ್ದಿದ್ದರು. ನಾಯಕರು ಮನೆ ಬದಲಿಸಿದ ಹಾಗೆಲ್ಲ ಅವರ ಹಿಂದಿದ್ದವರೂ ತಾವು ನಂಬುವ ಸುದ್ದಿಯನ್ನು ಬದಲಿಸಿದರು. ನಿನ್ನೆಯವರೆಗೆ ಪುರಾವೆ ಎಂದು ತೋರಿಸುತ್ತಿದ್ದುದನ್ನು ಇವತ್ತು ಪಿತೂರಿ ಎಂದರು.

ತಂದವನ ಮುಖ ನೋಡಿ ಸುದ್ದಿಗೆ ಬೆಲೆ ಕಟ್ಟುವುದು ಪೂರ್ತಿ ದಡ್ಡತನ ಎಂದು ನಾನು ಹೇಳಲಾರೆ. ಪೆನ್‌ಡ್ರೈವ್ ವಿಷಯವನ್ನು ಬಹಿರಂಗವಾಗಿ ಎತ್ತಿದ ದೇವರಾಜೇಗೌಡರು 2023ರಲ್ಲಿ ಹೊಳೆನರಸೀಪುರದಲ್ಲಿ ಬಿಜೆಪಿ ಟಿಕೆಟ್ ಪಡೆದು ಪ್ರಜ್ವಲ್ ಅವರ ತಂದೆ ಎಚ್.ಡಿ. ರೇವಣ್ಣ ಅವರ ವಿರುದ್ಧ ನಿಂತಿದ್ದವರು. ಮುಂದೆ ಅವರ ಮೇಲೂ ಪ್ರಕರಣ ದಾಖಲಾಗಿ ಬಂಧನವಾಯಿತು. ಇಂಥವರಿಗೆ ಸ್ವಂತ ಲೆಕ್ಕಾಚಾರ ಇರಲಿಲ್ಲ ಎಂದು ಯಾರು ಹೇಳುತ್ತಾರೆ? ಆದರೆ ತಂದವನ ಉದ್ದೇಶ ಕೆಟ್ಟದ್ದೆಂದು ತಿಳಿದರೆ ತಿಳಿದದ್ದು ಅವನ ವಿಷಯ ಮಾತ್ರ. ತಂದ ಮಾಲು ಖರೆಯೋ ಸುಳ್ಳೋ ಎಂಬುದನ್ನು ಬೇರೆಯಾಗಿಯೇ ನೋಡಬೇಕು. ನೋಡಿದ್ದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ. ಅದರ ಮುಂದಿದ್ದುದು ಊರಿನ ಗುಸುಗುಸುವಲ್ಲ: ಮನೆಗೆಲಸದ ಮಹಿಳೆಯೊಬ್ಬರ ದೂರು, ಸಾಕ್ಷಿಗಳ ಹೇಳಿಕೆ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ. 2025ರ ಆಗಸ್ಟ್ 1ರಂದು ಪ್ರಜ್ವಲ್ ಅತ್ಯಾಚಾರದ ಅಪರಾಧಿ ಎಂದು ತೀರ್ಪು ಬಂತು, ಮರುದಿನ ಜೀವಾವಧಿ ಶಿಕ್ಷೆಯಾಯಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ.

ಇದನ್ನು ಕೇಳಿ, ಪತ್ರಿಕೆ ಮುಚ್ಚಿಟ್ಟದ್ದೆಲ್ಲ ಸತ್ಯ ಎಂದು ಯಾರಾದರೂ ಹೊರಟರೆ ಅವರಿಗೂ ಒಂದು ಉದಾಹರಣೆ ಇದೆ. ಅದೇ 2025ರ ಜುಲೈನಲ್ಲಿ ಧರ್ಮಸ್ಥಳದಲ್ಲಿ ಹಲವು ಶವಗಳನ್ನು ಹೂತಿದ್ದೇನೆ ಎಂದು ಹಿಂದೆ ಅಲ್ಲಿ ಸ್ವಚ್ಛತಾ ಕೆಲಸ ಮಾಡಿದ್ದ ವ್ಯಕ್ತಿಯೊಬ್ಬ ದೂರು ಕೊಟ್ಟ. ಇಲ್ಲೂ ಮಾಧ್ಯಮಗಳ ಮೇಲೆ ಸಿವಿಲ್ ನ್ಯಾಯಾಲಯದ ತಡೆ ಬಂತು. ಅಳಿಸಬೇಕೆಂದು ಸೂಚಿಸಿದ ಕೊಂಡಿಗಳೇ 8,800ಕ್ಕೂ ಹೆಚ್ಚು. ಒಂದು ಯೂಟ್ಯೂಬ್ ವಾಹಿನಿ ಅದನ್ನು ಪ್ರಶ್ನಿಸಿದಾಗ ಹೈಕೋರ್ಟ್ ಅದರ ಮಟ್ಟಿಗೆ ಆ ತಡೆಯನ್ನು ರದ್ದು ಮಾಡಿದ್ದು ಆಗಸ್ಟ್ 1ರಂದೇ, ಅಂದರೆ ಪ್ರಜ್ವಲ್ ತೀರ್ಪಿನ ದಿನವೇ. ಆದರೆ ಅದೇ ತಿಂಗಳು 23ರಂದು ಈ ಪ್ರಕರಣದ ವಿಶೇಷ ತನಿಖಾ ದಳ ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಬಂಧಿಸಿದ್ದು ದೂರುದಾರನನ್ನೇ. ತಡೆಯಾಜ್ಞೆ ಇದೆ ಎಂದರೆ ಒಳಗೆ ಸತ್ಯ ಇದ್ದೇ ಇದೆ ಎಂದು ಹಿಗ್ಗಿದವರೂ, ದೂರುದಾರನ ಬಂಧನವಾಯಿತೆಂದರೆ ಎಲ್ಲವೂ ಕಟ್ಟುಕತೆ ಎಂದವರೂ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರ ಹಾಗೆಯೇ.

ಇವೆಲ್ಲ ದೊಡ್ಡ ಹೆಸರುಗಳ ಕತೆ, ತಡವಾಗಿಯಾದರೂ ಅಚ್ಚಾದವು. ಕಣಕಟ್ಟೆಯಂಥ ಕಡೆ ತಡವಾಗಿಯೂ ಬಾರದ ರಾಜಕೀಯ ಸುದ್ದಿ ಬೇರೆ ಇದೆ. ಅದು ಕೊಬ್ಬರಿಯದು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿತ್ತು, ರಾಜ್ಯ ಸರ್ಕಾರ ಅದರ ಮೇಲೆ 1,500 ಸೇರಿಸಿತು. ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಹಾಗಾಗಿ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಕೇಂದ್ರದಲ್ಲಿ ಹೆಸರು ಬರೆಸಲು ನೂಕುನುಗ್ಗಲು. ನೋಂದಣಿಯಲ್ಲಿ ಅಕ್ರಮ ನಡೆದಿದೆ ಎಂದು ದೂರು ಬಂದು, ಮೊದಲಿನದನ್ನು ರದ್ದುಮಾಡಿ ಮತ್ತೆ ನೋಂದಣಿ ಮಾಡಬೇಕಾಯಿತು. ರೈತನಲ್ಲದವನ ಹೆಸರು ಪಟ್ಟಿಗೆ ಹೇಗೆ ಸೇರುತ್ತದೆ, ಪಹಣಿ ಯಾರದು, ಸರಕು ಯಾರದು, ಇದಕ್ಕಿಂತ ರಾಜಕೀಯವಾದ ಪ್ರಶ್ನೆ ತೆಂಗಿನ ಸೀಮೆಯಲ್ಲಿ ಇದೆಯೆ? ರಾಜಧಾನಿಯ ಪುಟಗಳಲ್ಲಿ ಕೊಬ್ಬರಿ ಕಾಣಿಸಿಕೊಂಡದ್ದು ಮಾತ್ರ ಕೇಂದ್ರ ಮತ್ತು ರಾಜ್ಯದ ಜಗಳವಾಗಿ. ಕೇಳುವ ರೈತನೂ ತನ್ನ ಪಕ್ಷಕ್ಕೆ ತಕ್ಕ ಹಾಗೆ ಡೆಲ್ಲಿಯನ್ನೋ ಬೆಂಗಳೂರನ್ನೋ ಬೈದು ಎದ್ದು ಹೋದ.

ಯಾರೂ ಮುಚ್ಚಿಟ್ಟು ಹೀಗಾದದ್ದಲ್ಲ. ಹಾಸನದ ಸುದ್ದಿ ಹಾಸನ ಆವೃತ್ತಿಯಲ್ಲೇ ಉಳಿಯುತ್ತದೆ. ಬೆಂಗಳೂರಿನ ಓದುಗನಿಗೆ ಅದು ತಲುಪುವುದೇ ಅಪರೂಪ. ಹೋಬಳಿಯ ಸುದ್ದಿ ಕಳಿಸುವವನಿಗೆ ಎಷ್ಟೋ ಕಡೆ ಸಂಬಳವಿಲ್ಲ, ಬರೆದಷ್ಟಕ್ಕೆ ಒಂದಿಷ್ಟು ಕಾಸು, ಜೊತೆಗೆ ಜಾಹೀರಾತು ತಂದರೆ ಕಮಿಷನ್. ಶಾಸಕರ ಹುಟ್ಟುಹಬ್ಬಕ್ಕೆ ಶುಭಾಶಯದ ಜಾಹೀರಾತು ಕೇಳಬೇಕಾದವನು ಅವರ ಬೆಂಬಲಿಗರ ಗೋದಾಮಿನ ಬಗ್ಗೆ ಬರೆಯಲು ಎಷ್ಟು ಧೈರ್ಯ ಮಾಡಿಯಾನು? ಪಿ. ಲಂಕೇಶ್ 1980ರಲ್ಲಿ ಜಾಹೀರಾತೇ ಬೇಡವೆಂದು ಪತ್ರಿಕೆ ಶುರುಮಾಡಿದ್ದರ ಹಿಂದೆ ಇದೇ ತಿಳಿವಳಿಕೆ ಇತ್ತು. ಓದುಗರ ದುಡ್ಡಿನಲ್ಲೇ ನಡೆದ ಆ ವಾರಪತ್ರಿಕೆ ಮುಖ್ಯಮಂತ್ರಿಗಳನ್ನೂ ಬಿಡಲಿಲ್ಲ.

ಇನ್ನೊಂದು ಬಗೆಯ ಸುದ್ದಿಯಿದೆ. ಅದು ಪತ್ರಿಕೆಯಲ್ಲೇ ಅಚ್ಚಾಗುತ್ತದೆ, ಆದರೂ ಕಣ್ಣು ತಪ್ಪಿಸಿಕೊಳ್ಳುತ್ತದೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಪ್ರಕಾರ, ತನ್ನ ಮೇಲೆ ಕ್ರಿಮಿನಲ್ ಪ್ರಕರಣವಿರುವ ಅಭ್ಯರ್ಥಿ ಅದರ ವಿವರವನ್ನು ಚುನಾವಣೆಗೆ ಮೊದಲು ಮೂರು ಸಲ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅಂಥವರಿಗೇ ಟಿಕೆಟ್ ಯಾಕೆ ಕೊಟ್ಟೆವು ಎಂದು ಪಕ್ಷವೂ ಕಾರಣ ಹೇಳಬೇಕೆಂದು 2020ರಲ್ಲಿ ಕೋರ್ಟ್ ಸೇರಿಸಿತು. ಗೆಲ್ಲುತ್ತಾರೆ ಎನ್ನುವುದಷ್ಟೇ ಕಾರಣವಾಗಕೂಡದು ಎಂದೂ ಹೇಳಿತು. ಮುಂದಿನ ಚುನಾವಣೆಯಲ್ಲಿ ಆ ಪ್ರಕಟಣೆಯನ್ನು ಒಳಪುಟಗಳಲ್ಲಿ ಹುಡುಕಿ ನೋಡಿ: ಸಣ್ಣ ಅಕ್ಷರದ ಕೋಷ್ಟಕ, ಪ್ರಕರಣದ ಸಂಖ್ಯೆ, ನ್ಯಾಯಾಲಯದ ಹೆಸರು, ಕಾನೂನಿನ ಕಲಂ. ಯಾವ ಪಕ್ಷದ ಬೆಂಬಲಿಗನೂ ಅದನ್ನು ಎದುರಾಳಿಯ ಪಿತೂರಿ ಎನ್ನುವ ಹಾಗಿಲ್ಲ, ಅಭ್ಯರ್ಥಿಯೇ ದುಡ್ಡು ಕೊಟ್ಟು ಹಾಕಿಸಿದ್ದು.